8 ವರ್ಷ ಕೆಲಸ ಮಾಡಿದ ಮೇಲೂ ಕೇಸ್ ಇಂಟರ್‌ವ್ಯೂನಾ? ಆಲೆಮನೆಗೆ ಬನ್ನಿ, ಹೇಳ್ತೀನಿ

[ದೃಶ್ಯ: ಮಂಡ್ಯದ ಹತ್ತಿರ ಒಂದು ಆಲೆಮನೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿದೆ.]

ನಮಸ್ಕಾರ. ಮೈಸೂರಿನ ಹೆಬ್ಬಾಳದಲ್ಲಿ ಐಟಿ ಕೆಲಸ ಮಾಡುವ ಒಬ್ಬರು ಕೇಳಿದ್ದರು: "ನನಗೆ 8 ವರ್ಷ ಅನುಭವ ಇದೆ. ಮೆಕಿನ್ಸಿ, ಬಿಸಿಜಿ, ಬೇನ್ ಥರ ಬೇರೆ ಕಂಪನಿಗಳಿಗೆ ಸಲಹೆ ಕೊಡುವ ಕನ್ಸಲ್ಟಿಂಗ್ ಕಂಪನಿಗಳ ಇಂಟರ್‌ವ್ಯೂನಲ್ಲಿ ನನಗೂ ಕೇಸ್ ಕೊಡ್ತಾರಾ? ಅದು ಎಂಬಿಎ ಮುಗಿಸಿ ಬಂದವರಿಗೆ ಅಲ್ವಾ?"

ನಿಮಗೂ ಕೊಡುತ್ತಾರೆ. ಅನುಭವ ನೋಡಿ ಇಂಟರ್‌ವ್ಯೂಗೆ ಕರೆಯುತ್ತಾರೆ. ಕರೆದ ಮೇಲೆ ಕೇಸ್ ಇದ್ದೇ ಇರುತ್ತದೆ. ಕೇಸ್ ಅಂದರೆ, ಒಂದು ವ್ಯಾಪಾರದ ತೊಂದರೆ ಹೇಳಿ, ಅರ್ಧ ಗಂಟೆಯಲ್ಲಿ ಅವರ ಎದುರೇ ಬಿಡಿಸಲು ಹೇಳುವುದು.

ಈಗ ಈ ಆಲೆಮನೆಯನ್ನೇ ಕೇಸ್ ಮಾಡೋಣ. ಮಾಲೀಕರು ಹೇಳುತ್ತಾರೆ: "ಲಾಭ ಕಮ್ಮಿಯಾಗಿದೆ, ಯಾಕೆ?"

ಅನುಭವಸ್ಥರು ಎಡವುವುದು ಇಲ್ಲೇ. ಮಾರ್ಕೆಟಿಂಗ್‌ನವರು ಕೂಡಲೇ ಪ್ಯಾಕೆಟ್ ಚೆನ್ನಾಗಿಲ್ಲ ಅನ್ನುತ್ತಾರೆ. ಐಟಿಯವರು ಆ್ಯಪ್ ಮಾಡಿ ಅನ್ನುತ್ತಾರೆ. ಸ್ವಲ್ಪ ತಡೆಯಿರಿ, ಮೊದಲು ಕೇಳಿ. ಬೆಲ್ಲದ ಬೆಲೆ ಇಳಿದಿದೆಯಾ? ಇಲ್ಲ. ಕಬ್ಬಿನ ರೇಟು, ಕೂಲಿ ಏರಿದೆಯಾ? ಇಲ್ಲ. ದಿನಕ್ಕೆ ಅರೆಯುವ ಕಬ್ಬು? ಅದೇ 10 ಟನ್. ಹಾಗಾದರೆ ಬೆಲ್ಲ ಎಷ್ಟು ಬರುತ್ತಿದೆ? ಮೊದಲು 1,000 ಕೆಜಿ, ಈಗ 900.

[ದೃಶ್ಯ: ಗಾಣದ ಮುಂದೆ ಸಾಲಾಗಿ ನಿಂತ ಕಬ್ಬಿನ ಟ್ರ್ಯಾಕ್ಟರ್‌ಗಳು.]

ಈ ಸಾಲು ನೋಡಿ. ನನಗೆ ಬಹಳ ಇಷ್ಟವಾದ ವಿಷಯ ಇದು. ಕಬ್ಬು ಕಡಿದ ಗಳಿಗೆಯಿಂದ ಅದರ ಸಕ್ಕರೆ ಒಡೆಯಲು ಶುರುವಾಗುತ್ತದೆ. ಸುಕ್ರೋಸ್ ಹೋಗಿ ಗ್ಲುಕೋಸ್, ಫ್ರಕ್ಟೋಸ್ ಆಗುತ್ತದೆ. ಬಿಸಿಲಲ್ಲಿ ಎರಡು ಮೂರು ದಿನ ನಿಂತರೆ ತೂಕವೂ ಇಳಿಯುತ್ತದೆ, ಬೆಲ್ಲವೂ ಸರಿಯಾಗಿ ಗಟ್ಟಿ ಕಟ್ಟುವುದಿಲ್ಲ. ಕೆಜಿಗೆ 40 ರೂಪಾಯಿ ಅಂತ ಇಟ್ಟುಕೊಳ್ಳಿ. ದಿನಕ್ಕೆ 100 ಕೆಜಿ ಕಮ್ಮಿ ಅಂದರೆ 4,000 ರೂಪಾಯಿ. ತಿಂಗಳಿಗೆ 25 ದಿನ ಗಾಣ ಓಡಿದರೆ 1 ಲಕ್ಷ! ಬೆಲೆ ಸರಿ, ಖರ್ಚು ಸರಿ, ಕೊಪ್ಪರಿಗೆಯೂ ಸರಿ. ದುಡ್ಡು ಸೋರುತ್ತಿರುವುದು ಆ ಸಾಲಿನಲ್ಲಿ. ಇಂಥ ದಿನ ಇಷ್ಟೇ ಕಬ್ಬು ಕಡಿಯಿರಿ ಅಂತ ರೈತರಿಗೆ ಮುಂಚೆಯೇ ಹೇಳಿದರೆ ಅರ್ಧ ತೊಂದರೆ ಮುಗಿಯಿತು.

ನಿಮಗೆ ಕಬ್ಬಿನ ರಸಾಯನಶಾಸ್ತ್ರ ಗೊತ್ತಿರಬೇಕು ಅಂತ ಯಾರೂ ಕೇಳುವುದಿಲ್ಲ. "ಕಡಿದ ಕಬ್ಬು ಗಾಣಕ್ಕೆ ಬರಲು ಎಷ್ಟು ದಿನ ಆಗುತ್ತದೆ?" ಅಂತ ನೀವು ಕೇಳುತ್ತೀರಾ, ಅದನ್ನು ನೋಡುತ್ತಾರೆ. ಲೆಕ್ಕವನ್ನೂ ಬಾಯಿಬಿಟ್ಟು ಹೇಳುತ್ತಾ ಮಾಡಿ. ಮನಸ್ಸಿನಲ್ಲೇ ಮಾಡಿದರೆ ಎದುರು ಕೂತವರಿಗೆ ಏನೂ ಕಾಣುವುದಿಲ್ಲ.

ಇನ್ನೊಂದು ಮುಖ್ಯ ಮಾತು. ನಿಮ್ಮ ಕೆಲಸದ ಒಂದೇ ಘಟನೆ ಹಿಡಿದು ಆಳಕ್ಕೆ ಕೆದಕುತ್ತಾರೆ. ನಮ್ಮ ಕಡೆಯವರಿಗೆ "ನಾವು ಮಾಡಿದ್ವಿ" ಅನ್ನುವ ಅಭ್ಯಾಸ. ಅದು ಒಳ್ಳೆಯ ಗುಣವೇ. ಆದರೆ ಅಲ್ಲಿ "ನಾನು ಮಾಡಿದೆ" ಅನ್ನಬೇಕು. ಟೀಮಿನಲ್ಲಿ ಜಗಳವಾದಾಗ ನೀವು ಯಾರ ಹತ್ತಿರ ಹೋದಿರಿ, ಏನು ಹೇಳಿದಿರಿ, ಅವರು ಒಪ್ಪದಿದ್ದಾಗ ಏನು ಮಾಡಿದಿರಿ, ಎಲ್ಲ ಬೇಕು. ಇಂಥ ಮೂರು ನಾಲ್ಕು ಘಟನೆ ಬರೆದಿಟ್ಟುಕೊಳ್ಳಿ.

ಟೈಮ್ ಆಗ್ತಾ ಬಂತು, ಉಳಿದದ್ದು ಬೇಗ ಹೇಳ್ತೀನಿ. ಉತ್ತರ ಮೊದಲು ಹೇಳಿ, ಕಾರಣ ಆಮೇಲೆ. ಇದನ್ನು ಕಲಿಸಿದ್ದು ಮೆಕಿನ್ಸಿಯಲ್ಲಿದ್ದ ಬಾರ್ಬರಾ ಮಿಂಟೋ. ಎಷ್ಟು ಸುತ್ತು, ಎಷ್ಟು ಕೇಸ್ ಅಂತ ಎಚ್‌ಆರ್‌ಗೆ ನೇರವಾಗಿ ಕೇಳಿ, ತಪ್ಪೇನಿಲ್ಲ. ಕೆಲಸ ಬಿಡದೆ ತಯಾರಿ ಮಾಡುವವರು ವಾರಕ್ಕೆ ಎರಡು ಕೇಸ್ ಗೆಳೆಯರ ಎದುರು ಕೂತು ಮಾಡಿ. ಒಬ್ಬರೇ ಓದಿದರೆ ಸಾಲದು.

[ದೃಶ್ಯ: ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲು.]

ಇವತ್ತಿನ ಪ್ರಶ್ನೆ: ಒಂದು ಶುಕ್ರವಾರ ಇಲ್ಲಿ ಎಷ್ಟು ಮಾರು ಮಲ್ಲಿಗೆ ಮಾರಾಟವಾಗುತ್ತದೆ? ಪೆನ್ನು, ಹಾಳೆ, 10 ನಿಮಿಷ. ಉತ್ತರದ ಜೊತೆ ಲೆಕ್ಕವನ್ನೂ ಕಳಿಸಿ.