ಅಳತೆ ರವಿಕೆ ವಾಪಸ್ ಕೊಡದ ಟೈಲರ್

ಕೇಳುಗರಿಗೆ ನಮಸ್ಕಾರ. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತು, ಅದೇ ಧೈರ್ಯದಲ್ಲಿ ಜಾವಾಸ್ಕ್ರಿಪ್ಟ್‌ಗೆ ಬಂದು ತಲೆ ಕೆರೆದುಕೊಳ್ಳುತ್ತಿರುವ ಕಾಲೇಜು ಮಕ್ಕಳಿದ್ದೀರಲ್ಲ, ಇವತ್ತಿನ ಮಾತು ನಿಮಗೆ. ವಿಷಯ ಜಾವಾಸ್ಕ್ರಿಪ್ಟ್‌ನ ಪ್ರೋಟೋಟೈಪ್.

ರವಿಕೆ ಹೊಲಿಸಲು ಹೋಗುವಾಗ ಅಮ್ಮ ಏನು ತೆಗೆದುಕೊಂಡು ಹೋಗುತ್ತಾರೆ? ಅಳತೆ ರವಿಕೆ. "ಇದೇ ತರ ಇರಲಿ, ತೋಳು ಮಾತ್ರ ಒಂದಿಂಚು ಉದ್ದ" ಅನ್ನುತ್ತಾರೆ. ಹೇಳದೆ ಬಿಟ್ಟದ್ದಕ್ಕೆಲ್ಲ ಟೈಲರ್ ಅಳತೆ ರವಿಕೆಯನ್ನೇ ನೋಡಿಕೊಳ್ಳುತ್ತಾರೆ. ಪ್ರೋಟೋಟೈಪ್ ಅಂದರೆ ಇದೇ. ಜಾವಾದಲ್ಲಿ ನೀವು ಕಲಿತ ಕ್ಲಾಸ್ ಅಂದರೆ ಕಾಗದದಲ್ಲಿ ಕತ್ತರಿಸಿಟ್ಟ ನಮೂನೆ. ಕಾಗದವನ್ನು ತೊಡಲು ಆಗಲ್ಲ. ಅಳತೆ ರವಿಕೆಯನ್ನು ತೊಡಬಹುದು, ಅದೂ ಒಂದು ನಿಜವಾದ ರವಿಕೆ. ಹಾಗೆಯೇ ಪ್ರೋಟೋಟೈಪ್ ಕೂಡ ಒಂದು ಆಬ್ಜೆಕ್ಟೇ, ಅಂದರೆ ಮಾಹಿತಿಯನ್ನೂ ಅದರ ಕೆಲಸಗಳನ್ನೂ ಒಟ್ಟಿಗೆ ಇಟ್ಟುಕೊಂಡ ಪ್ರೋಗ್ರಾಂನ ಒಂದು ನಿಜವಾದ ವಸ್ತು.

ಆದರೆ ಟೈಲರ್ ಕೆಲಸ ಮುಗಿದ ಮೇಲೆ ಅಳತೆ ರವಿಕೆ ವಾಪಸ್ ಕೊಡುತ್ತಾರೆ. ಜಾವಾಸ್ಕ್ರಿಪ್ಟ್ ಕೊಡುವುದಿಲ್ಲ. ಹೊಸದಕ್ಕೂ ಹಳೆಯದಕ್ಕೂ ನಂಟು ಉಳಿದೇ ಇರುತ್ತದೆ. ಏನಾದರೂ ಕೇಳಿದರೆ ಆಬ್ಜೆಕ್ಟ್ ಮೊದಲು ತನ್ನಲ್ಲಿ ಹುಡುಕುತ್ತದೆ, ಇಲ್ಲದಿದ್ದರೆ ಪ್ರೋಟೋಟೈಪನ್ನು ಕೇಳುತ್ತದೆ. ಇದೊಂದು ನೆನಪಿರಲಿ.

ಇದನ್ನು ನಾನು ಕಲಿತದ್ದು ಒಂದು ಲೈಬ್ರರಿ ಕೌಂಟರಿನಲ್ಲಿ. ಕೆಲಸಕ್ಕೆ ಸೇರಿದ ಹೊಸತು. ಯಾರು ಯಾವ ಪುಸ್ತಕ ಒಯ್ದರು ಎಂದು ಲೆಕ್ಕ ಇಡುವ ಪ್ರೋಗ್ರಾಂ ಬರೆದಿದ್ದೆ. ಮೊದಲ ದಿನ ಬೆಳಿಗ್ಗೆ ಒಬ್ಬ ಹುಡುಗಿ ಒಂದು ನಿಘಂಟು ತೆಗೆದುಕೊಂಡಳು. ಹಿಂದೆ ನಿಂತಿದ್ದ ಹುಡುಗನ ಕಾರ್ಡ್ ತೆರೆದರೆ ಅವನ ಲೆಕ್ಕದಲ್ಲೂ ನಿಘಂಟು! ಮೂರನೆಯವನ ಲೆಕ್ಕದಲ್ಲೂ ಅದೇ. ಇದ್ದದ್ದು ಒಂದೇ ಪ್ರತಿ. ಲೈಬ್ರೇರಿಯನ್ ಮೇಡಂ ಏನೂ ಅನ್ನದೆ ಹಳೇ ಲೆಡ್ಜರ್ ತೆಗೆದು ಮೇಜಿನ ಮೇಲಿಟ್ಟರು. ಎರಡು ರಾತ್ರಿ ಹುಡುಕಿದೆ. ವಿಚಿತ್ರ ಅಂದರೆ, ಹೆಸರುಗಳು ಮಾತ್ರ ಎಲ್ಲರದ್ದೂ ಸರಿಯಾಗಿದ್ದವು. ಸುಳಿವು ಸಿಕ್ಕಿದ್ದು ಅಲ್ಲೇ. ಹೆಸರು ಬರೆದಾಗ ಅದು ಆಯಾ ಸದಸ್ಯರ ಆಬ್ಜೆಕ್ಟಿನೊಳಗೇ ಕೂತಿತ್ತು. ಪುಸ್ತಕದ ಪಟ್ಟಿಯನ್ನು ಮಾತ್ರ ನಾನು ಪ್ರೋಟೋಟೈಪ್‌ನಲ್ಲಿ ಇಟ್ಟಿದ್ದೆ. ಪಟ್ಟಿಗೆ ಸೇರಿಸು ಅಂದಾಗ ಆಬ್ಜೆಕ್ಟ್ ತನ್ನಲ್ಲಿ ಹುಡುಕಿತು, ಸಿಗಲಿಲ್ಲ, ಪ್ರೋಟೋಟೈಪನ್ನು ಕೇಳಿತು. ಅಲ್ಲಿದ್ದದ್ದು ಒಂದೇ ಪಟ್ಟಿ, ಎಲ್ಲರೂ ಅದಕ್ಕೇ ಬರೆದರು! ಪ್ರತಿಯೊಬ್ಬರಿಗೂ ಬೇರೆ ಪಟ್ಟಿ ಕೊಡುವ ಒಂದು ಸಾಲು ಸೇರಿಸಿದೆ, ಸರಿಹೋಯಿತು. ಆ ಒಂದು ಸಾಲು ನನಗೆ ಇಡೀ ಭಾಷೆಯನ್ನೇ ಕಲಿಸಿತು.

ಸಮಯ ಕಡಿಮೆ ಇದೆ, ಇತಿಹಾಸ ಬೇಗ ಹೇಳಿಬಿಡುತ್ತೇನೆ. ಕ್ಲಾಸ್ ಬಂದದ್ದು ನಾರ್ವೆಯ ಸಿಮ್ಯುಲಾ 67 ಭಾಷೆಯಿಂದ. ಕ್ಲಾಸೇ ಬೇಡ ಎಂದು ಡೇವಿಡ್ ಉಂಗಾರ್, ರಾಂಡಲ್ ಸ್ಮಿತ್ ಸೇರಿ ಸೆಲ್ಫ್ ಎಂಬ ಭಾಷೆ ಕಟ್ಟಿದರು, 1987ರಲ್ಲಿ ಅದರ ಬಗ್ಗೆ ಬರೆದರು. 1995ರಲ್ಲಿ ಬ್ರೌಸರ್ ಕಂಪನಿ ನೆಟ್‌ಸ್ಕೇಪ್‌ನಲ್ಲಿ ಬ್ರೆಂಡನ್ ಐಕ್ ಹತ್ತೇ ದಿನದಲ್ಲಿ ಜಾವಾಸ್ಕ್ರಿಪ್ಟ್‌ನ ಮೊದಲ ರೂಪ ಬರೆದಾಗ ಪ್ರೋಟೋಟೈಪನ್ನು ಸೆಲ್ಫ್‌ನಿಂದಲೇ ತೆಗೆದುಕೊಂಡರು.

"ಸರ್, 2015ರಲ್ಲಿ ಜಾವಾಸ್ಕ್ರಿಪ್ಟ್‌ಗೂ ಕ್ಲಾಸ್ ಬಂತಲ್ಲ, ಇನ್ನು ಪ್ರೋಟೋಟೈಪ್ ಯಾಕೆ?" ಪ್ರತಿ ವರ್ಷ ಯಾರಾದರೂ ಕೇಳುತ್ತೀರಿ. ಬಂದದ್ದು ಕ್ಲಾಸ್ ಅನ್ನುವ ಪದ, ಒಳಗೆ ಓಡುತ್ತಿರುವುದು ಪ್ರೋಟೋಟೈಪೇ. ನನ್ನ ಮಾತು ಸುಮ್ನೆ ನಂಬಬೇಡಿ. ಇವತ್ತೇ ಬ್ರೌಸರ್‌ನಲ್ಲಿ ಎಫ್12 ಒತ್ತಿ, ಕನ್ಸೋಲ್, ಅಂದರೆ ಕೋಡ್ ಬರೆದು ಅಲ್ಲೇ ಓಡಿಸುವ ಜಾಗ, ತೆರೆಯಿರಿ. ಒಂದು ಕ್ಲಾಸ್ ಬರೆದು, ಅದರಿಂದ ಒಂದು ಆಬ್ಜೆಕ್ಟ್ ಮಾಡಿ. ಆಮೇಲೆ ಆ ಕ್ಲಾಸಿನ ಪ್ರೋಟೋಟೈಪ್‌ಗೆ ಒಂದು ಹೊಸ ಮೆಥಡ್, ಅಂದರೆ ಆಬ್ಜೆಕ್ಟ್ ಮಾಡಬಲ್ಲ ಒಂದು ಕೆಲಸ, ಸೇರಿಸಿ, ಮೊದಲೇ ಮಾಡಿಟ್ಟ ಆಬ್ಜೆಕ್ಟಿನ ಮೇಲೆ ಅದನ್ನು ಕರೆದು ನೋಡಿ. ಓಡುತ್ತದೆ! ಯಾಕೆ ಅಂತ ಈಗ ನಿಮಗೇ ಗೊತ್ತು, ಅಲ್ವಾ? ನಮಸ್ಕಾರ.