ಮುತ್ತಜ್ಜಿಯ ಕೊಳಗ

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟಿರುವ ವಿಷಯ 'ಕಾಗೋಡು ಹೋರಾಟ ಮತ್ತು ಮಹಿಳೆ'. ಕಾಗೋಡು ಅಂದರೆ ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಊರು, 1951ರಲ್ಲಿ ಅಲ್ಲಿ ಗೇಣಿದಾರರು ಭೂಒಡೆಯರ ವಿರುದ್ಧ ಎದ್ದು ನಿಂತರು. ಇತಿಹಾಸ ಓದಿದವರು ವೇದಿಕೆಯ ಮೇಲೇ ಇದ್ದಾರೆ. ಆ ಕಾಲದ ಹೆಂಗಸರಲ್ಲಿ ನಾನು ಹತ್ತಿರದಿಂದ ಕಂಡವಳು ಒಬ್ಬಳೇ, ನನ್ನ ಮುತ್ತಜ್ಜಿ. ಅವಳ ಬಗ್ಗೆ ಹೇಳಿ ಕೂರುತ್ತೇನೆ.

ಮೊದಲು ನಮ್ಮ ಮನೆಯದೇ ಒಂದು ಸುಳ್ಳನ್ನು ಒಪ್ಪಿಕೊಂಡುಬಿಡುತ್ತೇನೆ. 1951ರ ಜೂನಿನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಸತ್ಯಾಗ್ರಹಕ್ಕೆಂದು ಬಂದು ಬಂಧನಕ್ಕೆ ಒಳಗಾದರಲ್ಲ, ಆಗ ಮುತ್ತಜ್ಜಿ ಅಲ್ಲೇ ನಿಂತು ಘೋಷಣೆ ಕೂಗಿದ್ದಳು ಅಂತ ಮದುವೆಮನೆಗಳಲ್ಲಿ ನಮ್ಮವರು ಹೇಳುವುದುಂಟು. ನಾನೂ ಕಾಲೇಜಿನ ಭಾಷಣದಲ್ಲಿ ಹೇಳಿ ಬಹುಮಾನ ತಗೊಂಡಿದ್ದೇನೆ. ಆಮೇಲೆ ಒಂದು ದಿನ ಲೆಕ್ಕ ಹಾಕಿದೆ. ನನ್ನ ಚಿಕ್ಕಜ್ಜ ಹುಟ್ಟಿದ್ದು ಅದೇ ಜೂನಿನಲ್ಲಿ. ಹಸಿ ಬಾಣಂತಿ, ಮಳೆಗಾಲ, ಗಂಡ ಜೈಲಿನಲ್ಲಿ. ಘೋಷಣೆ ಎಲ್ಲಿಂದ ಬರಬೇಕು?

ಆದರೆ ಅವಳು ಮಾಡಿದ್ದು ಬೇರೆ ಇದೆ. ಅದು ಜಗಳ ಶುರುವಾಗುವ ಮೊದಲಿನ ಮಾತು.

ನಾವು ದೀವರ ಜಾತಿಯವರು, ಗೇಣಿ ಒಕ್ಕಲು, ಅಂದರೆ ಒಡೆಯರ ಗದ್ದೆ ಉತ್ತು ಬೆಳೆಯಲ್ಲಿ ಪಾಲು ಕೊಡುವವರು. ಸುಗ್ಗಿ ಮುಗಿದ ಮೇಲೆ ಗೇಣಿ ಬತ್ತವನ್ನು ಗಾಡಿಗೆ ಹೇರಿ ಒಡೆಯರ ಅಂಗಳಕ್ಕೆ ಒಯ್ಯಬೇಕು. ಅಲ್ಲಿ ಅವರ ಕೊಳಗದಲ್ಲಿ, ಅಂದರೆ ಬತ್ತ ಅಳೆಯುವ ಪಾತ್ರೆಯಲ್ಲಿ, ಅಳತೆ. ಆ ಕೊಳಗ ನಮ್ಮದಕ್ಕಿಂತ ದೊಡ್ಡದು, ಲೆಕ್ಕಕ್ಕಿಂತ ಹೆಚ್ಚು ಬತ್ತ ಹೋಗುತ್ತಿತ್ತು. ಕಾಗೋಡಿನ ಜಗಳದ ಬೇರು ಇರುವುದೇ ಇಲ್ಲಿ. ಎಚ್. ಗಣಪತಿಯಪ್ಪನವರು ರೈತ ಸಂಘ ಕಟ್ಟಿ ಇದನ್ನು ಬಾಯಿಬಿಟ್ಟು ಕೇಳಿದರು, 1951ರ ಏಪ್ರಿಲ್ ಹೊತ್ತಿಗೆ ಅದು ಸತ್ಯಾಗ್ರಹವೇ ಆಯಿತು. ಮುಂದಿನದು ನಿಮಗೆಲ್ಲ ಗೊತ್ತಿದೆ.

ಮುತ್ತಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಕೈಯಲ್ಲಿ ಅಳತೆ ಇತ್ತು. ಒಂದು ವರ್ಷ ಬತ್ತವನ್ನು ಗಾಡಿಗೆ ಹಾಕುವ ಮೊದಲು ಮನೆಯ ಕೊಳಗದಲ್ಲಿ ಅಳೆದು, ಕೊಳಗಕ್ಕೊಂದರಂತೆ ಗೋಡೆಗೆ ಕೆಮ್ಮಣ್ಣಿನ ಗೆರೆ ಎಳೆದಳಂತೆ. ಗಂಡ ವಾಪಸು ಬಂದು ಅಲ್ಲಿನ ಲೆಕ್ಕ ಹೇಳಿದ. ಇವಳು ಗೋಡೆ ತೋರಿಸಿದಳು. ಗೆರೆ ಹೆಚ್ಚಿದ್ದವು. "ದಾರೀಲಿ ಬತ್ತ ಗಾಡಿ ಇಳ್ದು ನಡ್ಕೊಂಡ್ ಹೋಯ್ತಾ?" ಅಂತ ಕೇಳಿದಳಂತೆ. ಇದು ನಿಜ ಅಂತ ನಂಬುತ್ತೇನೆ, ಯಾಕೆಂದರೆ ಇದನ್ನು ಹೇಳಿದವನು ಆ ಗಾಡಿಯ ಹಿಂದೆ ಕೂತು ಹೋಗಿದ್ದ ನನ್ನ ಅಜ್ಜ, ಅವನಿಗೆ ಉಪ್ಪುಖಾರ ಹಚ್ಚಿ ಹೇಳಲು ಬರುತ್ತಿರಲಿಲ್ಲ.

1974ರಲ್ಲಿ ಭೂಸುಧಾರಣೆ ಕಾಯ್ದೆಯ ತಿದ್ದುಪಡಿ ಬಂದಾಗ, ಉಳುವವರು ನಾವೇ ಅಂತ ಡಿಕ್ಲರೇಷನ್ ಕೊಟ್ಟು, ಭೂನ್ಯಾಯಮಂಡಳಿಗೆ ಅಲೆದು, ಗದ್ದೆ ನಮ್ಮದಾಯಿತು. ಪಹಣಿಯಲ್ಲಿ ಮುತ್ತಜ್ಜನ ಹೆಸರು, ಆಮೇಲೆ ಅಜ್ಜನದು, ಈಗ ಅಪ್ಪನದು. ಅವಳ ಹೆಸರು ಯಾವ ಕಾಲಂನಲ್ಲೂ ಬರಲಿಲ್ಲ. ಆ ಹೊತ್ತಿಗೆ ಅವಳಿಗೆ ಅದು ಹೊಳೆದೂ ಇರಲಿಕ್ಕಿಲ್ಲ. ನನಗೆ ಮಾತ್ರ ಇವತ್ತಿಗೂ ಬೇಜಾರಿದೆ.

ನಾನು ಕಂಡ ಮುತ್ತಜ್ಜಿ ಬೆನ್ನು ಬಾಗಿದವಳು, ಚಿತ್ತಾರಗಿತ್ತಿ. ಊರಲ್ಲಿ ಮದುವೆಯಾದರೆ ಹಸೆಗೋಡೆ, ಅಂದರೆ ಮದುಮಕ್ಕಳ ಹಸೆಯ ಹಿಂದಿನ ಗೋಡೆಯ ಚಿತ್ತಾರ, ಬರೆಯಲು ಅವಳೇ ಬೇಕು. ನೆನೆಸಿದ ಅಕ್ಕಿ ಅರೆದು ಬಿಳಿ, ಅಕ್ಕಿ ಹುರಿದು ಸೀಸಿ ಕಪ್ಪು, ಕೆಮ್ಮಣ್ಣಿನ ಕೆಂಪು. ಕುಂಚ ಅಂದರೆ ಪುಂಡಿ ನಾರು. ತುದಿಯನ್ನು ಜಜ್ಜಿ, ಎರಡು ಬೆರಳಿನಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಎಳೆ ಎಳೆಯುತ್ತಿದ್ದಳು. ಸ್ಕೇಲಿಲ್ಲ, ದಾರವಿಲ್ಲ. ಒಂದು ಎಳೆಗೂ ಪಕ್ಕದ ಎಳೆಗೂ ನಡುವೆ ಇರುವ ಜಾಗ ಎಲ್ಲಿ ನೋಡಿದರೂ ಅಷ್ಟೇ. ನಾನು ಬೇಗ ಬೇಗ ಎಳೆದು ಕೆಡಿಸಿದರೆ, "ಎಂತಕ್ಕೆ ಅವಸರ, ಗೋಡೆ ಓಡಿ ಹೋಗ್ತದಾ?" ಅನ್ನುತ್ತಿದ್ದಳು. ಬೈಗುಳ ಅಂದರೆ ಅಷ್ಟೇ.

ಭೂಮಿ ಹುಣ್ಣಿಮೆಯ ವಾರ ಮಾತ್ರ ಅವಳನ್ನು ಮಾತಾಡಿಸುವ ಹಾಗಿರಲಿಲ್ಲ. ಹಬ್ಬದ ಅಡಿಗೆಯನ್ನು ಗದ್ದೆಗೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ, ಒಣಗಿಸಿ, ಚಿತ್ತಾರ ಬರೆಯಬೇಕು. ರಾತ್ರಿಯಿಡೀ ಅಡಿಗೆ. ಬೆಳಗಿನ ಜಾವ ಅಜ್ಜ ಬುಟ್ಟಿ ಹೊತ್ತು ಮುಂದೆ, ನಾವು ದೊಂದಿ ಹಿಡಿದು ಹಿಂದೆ. ಗದ್ದೆಯಲ್ಲಿ ಬತ್ತ ಹೊಡೆ ತುಂಬಿ ನಿಂತಿರುತ್ತದೆ, ಅಂದರೆ ಬಸುರಿ. ಬಸುರಿಗೆ ಬಯಕೆ ಊಟ. ಬೆರಕೆ ಸೊಪ್ಪಿನ ಚರಗವನ್ನು, ಅಂದರೆ ಗದ್ದೆಗೆ ಎರಚುವ ಎಡೆಯನ್ನು, ಕೂಗುತ್ತಾ ಗದ್ದೆಯ ತುಂಬ ಬೀರುತ್ತಿದ್ದರು. ಗೇಣಿ ಗದ್ದೆಯಾಗಿದ್ದಾಗಲೂ ಹೀಗೇ ಮಾಡುತ್ತಿದ್ದರಾ ಅಂತ ಒಮ್ಮೆ ಕೇಳಿದ್ದೆ. "ಬಸ್ರಿಗೆ ಪಹಣಿ ನೋಡಿ ಬಡಿಸ್ತಾರಾ?" ಅಂದಳು.

ನನಗೆ ಹತ್ತು ವರ್ಷವಾಗಿದ್ದಾಗ ಅವಳು ತೀರಿಕೊಂಡಳು. ಫೋಟೋ ಇಲ್ಲ. ಕೊಳಗ ಇದೆ, ಅತ್ತೆ ಅದರಲ್ಲಿ ಅಡಿಕೆ ಇಡುತ್ತಾರೆ. ಬುಟ್ಟಿಯೂ ಇದೆ.

ಮೊನ್ನೆ ಒಬ್ಬರು ಕಲೆ ಸಂಗ್ರಹ ಮಾಡುವವರು ಬಂದು ನಿಮ್ಮ ಮುತ್ತಜ್ಜಿ ಬರೆದ ಚಿತ್ತಾರವನ್ನೇ ಕೊಡಿ ಅಂದರು. ಎಲ್ಲಿಂದ ಕೊಡುವುದು? ಪ್ರತಿ ವರ್ಷ ಅದರ ಮೇಲೇ ಸಗಣಿ, ಅದರ ಮೇಲೇ ಕೆಮ್ಮಣ್ಣು, ಹೊಸ ಎಳೆ. ಆಮೇಲೆ ನೋಡಿದೆ, ಬುಟ್ಟಿಯ ಅಂಚನ್ನು ಒಂದು ಕಡೆ ಇಲಿ ಕಡಿದಿತ್ತು. ಅಲ್ಲಿ ಪದರ ಪದರವಾಗಿ ಕಾಣುತ್ತಿತ್ತು, ಕೆಂಪು, ಬಿಳಿಯ ಒಂದು ಚುಕ್ಕೆ, ಮತ್ತೆ ಕೆಂಪು. ಉಗುರಿನಲ್ಲಿ ಕೆದಕಲು ಹೋದೆ. "ಬಿಡೇ, ಹಬ್ಬ ಹತ್ರ ಬಂತು" ಅಂದ ಅತ್ತೆ, ಬುಟ್ಟಿ ಕಿತ್ತುಕೊಂಡು ಸಗಣಿ ಸಾರಿಸಿದರು.