ದವಡೆಗೆ ಗುಂಡು ಬಿದ್ದರೆ ಮೊದಲು ಉಸಿರು

ಕೇಳುಗರಿಗೆ ನಮಸ್ಕಾರ. ಗುಂಡೇಟಿಗೆ ಒಡೆದ ದವಡೆಯನ್ನು ಆಪರೇಷನ್ ಮಾಡಿ ಹೇಗೆ ಸರಿಮಾಡುತ್ತಾರೆ ಅಂತ ಹೇಳಲು ನನ್ನನ್ನು ಕರೆದಿದ್ದಾರೆ. ಹೇಳುತ್ತೇನೆ. ಆದರೆ ಮೊದಲು ಉಸಿರಿನ ಮಾತು. ಉಸಿರಿದ್ದರೆ ತಾನೇ ಆಪರೇಷನ್?

ನಮ್ಮ ಕೆಳದವಡೆ ಲಾಳದ ಹಾಗಿರುವ ಮೂಳೆ. ನಾಲಿಗೆ ಹಿಂದಕ್ಕೆ ಜಾರದಂತೆ ಹಿಡಿದಿರುವ ಸ್ನಾಯುಗಳು ಗದ್ದದ ಒಳಬದಿಗೆ ಅಂಟಿಕೊಂಡಿವೆ. ಗುಂಡು ಆ ಭಾಗವನ್ನು ಚೂರು ಮಾಡಿದರೆ ನಾಲಿಗೆಗೆ ಹಿಡಿತವೇ ಇಲ್ಲ. ಅಂಥವರನ್ನು ಅಂಗಾತ ಮಲಗಿಸಿದಿರೋ, ನಾಲಿಗೆ ಗಂಟಲಿಗೆ ಬೀಳುತ್ತದೆ. ಜೊತೆಗೆ ರಕ್ತ ಬೇರೆ.

ಮೊದಲ ಮಹಾಯುದ್ಧದಲ್ಲಿ ವಿಲಿಯಂ ಕೆಲ್ಸಿ ಫ್ರೈ ಎಂಬ ಬ್ರಿಟಿಷ್ ವೈದ್ಯರಿದ್ದರು. ಕಂದಕದ ಯುದ್ಧ ಅದು. ಮೈಯೆಲ್ಲ ಮಣ್ಣಿನ ಮರೆಯಲ್ಲಿ, ತಲೆ ಎತ್ತಿದರೆ ಮುಖಕ್ಕೇ ಗುಂಡು. ದವಡೆ ಒಡೆದ ಸೈನಿಕನೊಬ್ಬನನ್ನು ಫ್ರೈ ತಲೆ ಮುಂದಕ್ಕೆ ಬಾಗಿಸಿ ನಡೆಸಿಕೊಂಡೇ ಚಿಕಿತ್ಸೆಯ ಠಾಣೆಗೆ ಕರೆತಂದರು. ಒಪ್ಪಿಸಿ ವಾಪಸ್ ಹೊರಟರು. ಸ್ವಲ್ಪ ದೂರ ಹೋಗಿದ್ದರು, ಅಷ್ಟೇ. ಅವನು ಸತ್ತ ಅಂತ ಸುದ್ದಿ ಬಂತು. ಅಲ್ಲಿದ್ದವರು ಅವನನ್ನು ಸ್ಟ್ರೆಚರ್ ಮೇಲೆ ಅಂಗಾತ ಮಲಗಿಸಿದ್ದರು. ನಡೆದು ಬಂದವನು ಮಲಗಿ ಸತ್ತ! ಪಾಪ, ಆರಾಮವಾಗಿರಲಿ ಅಂತಲೇ ಮಲಗಿಸಿದ್ದು. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಪ್ರತಿ ವರ್ಷ ಹೇಳುತ್ತೇನೆ. ಆದರೂ ಪರೀಕ್ಷೆಯಲ್ಲಿ ಮೊದಲ ಸಾಲಿಗೇ ಮೂಳೆ ಜೋಡಿಸುವ ಪ್ಲೇಟು, ಸ್ಕ್ರೂ ಅಂತ ಬರೆಯುತ್ತಾರೆ. ಉಸಿರು ರೀ, ಉಸಿರು! ಎಚ್ಚರ ಇದ್ದವರನ್ನು ಕೂರಿಸಿ, ಮುಂದಕ್ಕೆ ಬಾಗಿಸಿ. ರಕ್ತ, ಜೊಲ್ಲು ಹೊರಗೆ ಸುರಿಯಲಿ.

ಇದೇ ಫ್ರೈ ಮುಂದೆ ಇಂಗ್ಲೆಂಡಿನ ಸಿಡ್‌ಕಪ್‌ನಲ್ಲಿ 1917ರಲ್ಲಿ ಶುರುವಾದ ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಸರ್ಜನ್ ಹೆರಾಲ್ಡ್ ಗಿಲೀಸ್ ಅವರ ಜೊತೆಗೂಡಿದರು. ಮೂಳೆ, ಹಲ್ಲು ಫ್ರೈ ಪಾಲಿಗೆ. ಚರ್ಮ, ಮಾಂಸ ಗಿಲೀಸ್ ಪಾಲಿಗೆ. 5,000ಕ್ಕೂ ಹೆಚ್ಚು ಗಾಯಾಳುಗಳು ಅಲ್ಲಿಗೆ ಬಂದರು.

ಸಮಯ ಕಡಿಮೆ ಇದೆ, ಆಪರೇಷನ್ ಹೇಗೆ ಅಂತ ಬೇಗ ಹೇಳಿಬಿಡುತ್ತೇನೆ. ಗಾಯ ತೊಳೆದು, ಸತ್ತ ಚೂರುಗಳನ್ನಷ್ಟೇ ತೆಗೆಯುತ್ತಾರೆ. ಮೇಲಿನ ಹಲ್ಲು, ಕೆಳಗಿನ ಹಲ್ಲು ಮೊದಲಿನಂತೆ ಕೂಡುವ ಹಾಗೆ ತಂತಿಯಲ್ಲಿ ಬಿಗಿಯುತ್ತಾರೆ. ಹಲ್ಲು ಕೂಡಿದರೆ ಮೂಳೆ ತನ್ನ ಜಾಗಕ್ಕೆ ಬರುತ್ತದೆ. ಈಗ ಟೈಟಾನಿಯಂ ಪ್ಲೇಟುಗಳೂ ಇವೆ. ಮೂಳೆಯೇ ಹಾರಿಹೋಗಿದ್ದರೆ ಸೊಂಟದಿಂದಲೋ ಕಾಲಿನಿಂದಲೋ ತುಂಡು ತಂದು ಕೂರಿಸುತ್ತಾರೆ.

ಬಾಯಿಗೆ ತಂತಿ ಕಟ್ಟಿದ ಮೇಲೆ ವಾರಗಟ್ಟಲೆ ಗಂಜಿ, ಹಾಲು, ತೆಳು ಸಾರು. ಹಾಸಿಗೆ ಪಕ್ಕದಲ್ಲೇ ತಂತಿ ಕತ್ತರಿಸುವ ಕಟ್ಟರ್ ಇರಬೇಕು. ವಾಂತಿಯಾಗಿ ಉಸಿರು ಕಟ್ಟಿದರೆ ಡಾಕ್ಟರು ಬರಲಿ ಅಂತ ಕಾಯುವಷ್ಟು ಹೊತ್ತು ಇರುವುದಿಲ್ಲ. ಯಾವ ತಂತಿ ಕತ್ತರಿಸಬೇಕು ಅನ್ನೋದನ್ನು ಮನೆಗೆ ಹೊರಡುವ ಮೊದಲೇ ಕೇಳಿ ತಿಳಿದುಕೊಳ್ಳಿ. ನಮಸ್ಕಾರ.